ಮೆಚ್ಚಿದ ನಿರ್ದೇಶಕರ ಸಿನಿಮಾ ಬಿಚ್ಚಿ ಕಲಿಯುವ ಬಗೆ

ನಿರ್ದೇಶಕರಾಗಬೇಕು ಎನ್ನುವವರ ಬಾಯಲ್ಲಿ ಕೆಲವು ಹೆಸರುಗಳು ಸದಾ ಇರುತ್ತವೆ: ಪುಟ್ಟಣ್ಣ, ಕಾಸರವಳ್ಳಿ, ರೇ, ಕುರೊಸಾವ, ನೋಲನ್. ಆದರೆ ಅವರ ಯಾವುದಾದರೂ ಒಂದು ದೃಶ್ಯದಲ್ಲಿ ಎಷ್ಟು ಶಾಟ್‌ಗಳಿವೆ (ಶಾಟ್ ಎಂದರೆ ಕ್ಯಾಮೆರಾ ನಿಲ್ಲಿಸದೆ ತೆಗೆದ ಒಂದು ತುಣುಕು), ಕ್ಯಾಮೆರಾ ಯಾವ ಎತ್ತರದಲ್ಲಿತ್ತು, ಮಾತು ಮುಗಿದ ಮೇಲೆ ಕಟ್ (ಮುಂದಿನ ಶಾಟ್‌ಗೆ ಜಿಗಿತ) ಬಂತೋ ನಡುವೆಯೇ ಬಂತೋ ಎಂದು ಕೇಳಿ ನೋಡಿ. ಹೆಚ್ಚಿನವರಲ್ಲಿ ಉತ್ತರವಿರುವುದಿಲ್ಲ. ಮೆಚ್ಚುಗೆ ಧಾರಾಳವಾಗಿದೆ, ಲೆಕ್ಕ ಇಲ್ಲ. ಒಂದು ಸಿನಿಮಾ ಹಿಡಿದು, ಅದರಲ್ಲಿ ಒಂದು ದೃಶ್ಯ ಆರಿಸಿ, ಎಣಿಸಿ, ಬರೆದು, ಅದನ್ನೇ ಮತ್ತೆ ಚಿತ್ರೀಕರಿಸಿ, ಅಲ್ಲಿಂದ ಸ್ವಂತದ ಐದು ನಿಮಿಷದ ಚಿತ್ರಕ್ಕೆ ಬರುವ ದಾರಿಯನ್ನು ಇಲ್ಲಿ ಹೇಳಿದೆ. ಎರಡು ಫೋನು (ಒಂದು ಚಿತ್ರಕ್ಕೆ, ಒಂದು ಸದ್ದಿಗೆ), ಒಂದು ಟ್ರೈಪಾಡ್, ತಂತಿಯ ಕಾಲರ್ ಮೈಕು, ಬಿಳಿ ಬೆಡ್‌ಶೀಟು, ಇನ್ನೂರು ಪುಟದ ನೋಟ್‌ಬುಕ್ಕು, ಡಾವಿಂಚಿ ರಿಸಾಲ್ವ್ ಎಂಬ ಸಂಕಲನ ತಂತ್ರಾಂಶದ ಉಚಿತ ಆವೃತ್ತಿ ಓಡುವ ಕಂಪ್ಯೂಟರು ಇದ್ದರೆ ಸಾಕು.

1. ಮೂವರನ್ನು ಆರಿಸಿಕೊಳ್ಳಿ, ಮೂವತ್ತು ಜನರನ್ನಲ್ಲ

ಒಬ್ಬರು ನಿಮ್ಮ ಭಾಷೆಯವರು, ಒಬ್ಬರು ನಿಮಗೆ ಏನೇನೂ ಪರಿಚಯವಿಲ್ಲದ ನೆಲದವರು, ಮತ್ತೊಬ್ಬರು ಮೊದಲ ಚಿತ್ರವನ್ನು ಕಡಿಮೆ ಹಣದಲ್ಲಿ ಮುಗಿಸಿದವರು. ಈ ಮೂರು ಬಗೆಯವರು ಮೂರು ಬೇರೆ ಬೇರೆ ಕೆಲಸ ಕಲಿಸುತ್ತಾರೆ.

ನಮ್ಮ ಭಾಷೆಯವರಲ್ಲಿ ಪುಟ್ಟಣ್ಣ ಕಣಗಾಲ್ ಮತ್ತು ಗಿರೀಶ್ ಕಾಸರವಳ್ಳಿ ಇಬ್ಬರನ್ನೂ ಜೊತೆಗಿಟ್ಟು ನೋಡುವುದು ಒಳ್ಳೆಯದು. ಇಬ್ಬರೂ ಕನ್ನಡ ಸಾಹಿತ್ಯವನ್ನೇ ನೆಚ್ಚಿಕೊಂಡವರು, ಆದರೆ ಕೆಲಸದ ರೀತಿ ಪೂರ್ತಿ ಬೇರೆ. ಪುಟ್ಟಣ್ಣ ‘ನಾಗರಹಾವು’ (1972) ಮಾಡುವಾಗ ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಒಂದೇ ಚಿತ್ರಕ್ಕೆ ಇಳಿಸಿದರು. ಕಾಸರವಳ್ಳಿ ಸಣ್ಣ ಕಥೆಯೊಂದನ್ನು ಪೂರ್ಣ ಪ್ರಮಾಣದ ಚಿತ್ರವಾಗಿ ಬೆಳೆಸುತ್ತಾರೆ: ‘ಘಟಶ್ರಾದ್ಧ’ (1977) ಅನಂತಮೂರ್ತಿಯವರ ಕಥೆ, ‘ತಬರನ ಕಥೆ’ (1986) ತೇಜಸ್ವಿಯವರದು. ಒಬ್ಬರಿಂದ ಕುಗ್ಗಿಸುವುದನ್ನೂ ಇನ್ನೊಬ್ಬರಿಂದ ಹಿಗ್ಗಿಸುವುದನ್ನೂ ಕಲಿಯಬಹುದು.

ದೂರದವರಲ್ಲಿ ಜಪಾನಿನ ಓಜು, ಇರಾನಿನ ಕಿಯಾರೊಸ್ತಮಿ, ಇಂಗ್ಲೆಂಡಿನ ಹಿಚ್‌ಕಾಕ್ ಯಾರಾದರೂ ಆಗಬಹುದು. ಕಡಿಮೆ ಹಣದವರಲ್ಲಿ ರಾಬರ್ಟ್ ರಾಡ್ರಿಗಸ್ (‘ಎಲ್ ಮರಿಯಾಚಿ’, 1992), ಕ್ರಿಸ್ಟೋಫರ್ ನೋಲನ್ (‘ಫಾಲೋಯಿಂಗ್’, 1998), ನಮ್ಮಲ್ಲಿ ಪ್ರೇಕ್ಷಕರಿಂದಲೇ ಬಂಡವಾಳ ಎತ್ತಿ ‘ಲೂಸಿಯಾ’ (2013) ಮಾಡಿದ ಪವನ್ ಕುಮಾರ್.

ಇಲ್ಲಿ ಸಾಮಾನ್ಯವಾಗಿ ಆಗುವ ಎಡವಟ್ಟು ಒಂದಿದೆ. ಮೆಚ್ಚಿದ ನಿರ್ದೇಶಕರ ಅತಿ ದೊಡ್ಡ, ಅತಿ ಖರ್ಚಿನ ಚಿತ್ರವನ್ನೇ ಅಭ್ಯಾಸಕ್ಕೆ ಎತ್ತಿಕೊಳ್ಳುವುದು. ನೋಲನ್ ಇಷ್ಟವಾದರೆ ಬಾಹ್ಯಾಕಾಶದ ಚಿತ್ರವನ್ನು ಬದಿಗಿಡಿ. ಅವರ ಮೊದಲನೆಯ, ಕಪ್ಪು ಬಿಳುಪಿನ, ವಾರಾಂತ್ಯಗಳಲ್ಲಿ ಸ್ನೇಹಿತರನ್ನು ಸೇರಿಸಿ ತೆಗೆದ ಚಿತ್ರದಲ್ಲಿ ನಿಮಗೆ ಕೈಗೆಟುಕುವ ಉತ್ತರಗಳಿವೆ.

2. ಮೂರು ಸಲ ನೋಡಿ

ಮೊದಲ ಸಲ ಸುಮ್ಮನೆ ನೋಡಿ. ನಿಲ್ಲಿಸಬೇಡಿ, ಬರೆಯಬೇಡಿ, ಫೋನು ಬೇರೆ ಕೋಣೆಯಲ್ಲಿರಲಿ. ಮುಗಿದ ಕೂಡಲೇ, ಯಾವ ವಿಮರ್ಶೆಯನ್ನೂ ಓದುವ ಮೊದಲು, ನೆನಪಿನಲ್ಲಿ ಉಳಿದ ಐದು ದೃಶ್ಯಗಳ ಹೆಸರು ಬರೆದಿಡಿ. ಮುಂದಿನ ಕೆಲಸಕ್ಕೆ ಆ ಐದರಲ್ಲಿ ಒಂದು ಸಾಕು.

ಎರಡನೆಯ ಸಲ ದನಿ ಪೂರ್ತಿ ಆರಿಸಿ. ಮಾತಿಲ್ಲದೆ ಯಾವ ದೃಶ್ಯ ಅರ್ಥವಾಗುತ್ತದೆ, ಯಾವುದು ಆಗುವುದಿಲ್ಲ ಎಂಬುದು ಇಲ್ಲಿ ಗೊತ್ತಾಗುತ್ತದೆ. ‘ತಬರನ ಕಥೆ’ಯಲ್ಲಿ ಪಿಂಚಣಿಗಾಗಿ ಕಚೇರಿಗೆ ಅಲೆಯುವ ತಬರ ಎಲ್ಲಿ ನಿಲ್ಲುತ್ತಾನೆ, ಗುಮಾಸ್ತರು ಎಲ್ಲಿ ಕೂತಿದ್ದಾರೆ, ನಡುವೆ ಏನು ಅಡ್ಡ ಇದೆ, ಇವಿಷ್ಟನ್ನೇ ನೋಡಿ. ಕಚೇರಿಯ ದರ್ಪ ಸಂಭಾಷಣೆಗಿಂತ ಮೊದಲು ಜಾಗದಲ್ಲಿ ಕಾಣಿಸಿಕೊಂಡಿರುತ್ತದೆ.

ಮೂರನೆಯ ಸಲ ಪರದೆಯ ಮೇಲೆ ಬಟ್ಟೆ ಹಾಕಿ ಬರೀ ಕೇಳಿ. ಇದನ್ನು ಹೆಚ್ಚಿನವರು ಮಾಡುವುದಿಲ್ಲ, ಆದರೆ ಮೂರರಲ್ಲಿ ಇದೇ ಹೆಚ್ಚು ಕಲಿಸುತ್ತದೆ ಎಂಬುದು ನಮ್ಮ ಅಭಿಪ್ರಾಯ. ಮುಂದಿನ ದೃಶ್ಯದ ಸದ್ದು ಹಿಂದಿನ ದೃಶ್ಯದ ಕೊನೆಯಲ್ಲೇ ಒಳಗೆ ಬರುತ್ತದೆಯೇ? ಹಿನ್ನೆಲೆ ಸಂಗೀತ ಎಲ್ಲಿ ಶುರುವಾಯಿತು ಎನ್ನುವುದಕ್ಕಿಂತ ಎಲ್ಲಿ ನಿಂತಿತು? ಮಳೆ, ಬಸ್ಸು, ಕಾಗೆ, ಪಕ್ಕದ ಮನೆಯ ರೇಡಿಯೊ, ಇವು ಎಷ್ಟು ಸಲ ಬಂದವು?

3. ಒಂದು ದೃಶ್ಯದ ಶಾಟ್ ಪಟ್ಟಿ

ಮೂರರಿಂದ ಐದು ನಿಮಿಷದ, ಇಬ್ಬರು ಅಥವಾ ಮೂವರು ಇರುವ, ಒಂದೇ ಜಾಗದಲ್ಲಿ ನಡೆಯುವ ದೃಶ್ಯ ಆರಿಸಿ. ಹೊಡೆದಾಟ ಮತ್ತು ಹಾಡು ಸದ್ಯಕ್ಕೆ ಬೇಡ. ವಿಎಲ್‌ಸಿ ಪ್ಲೇಯರ್‌ನಲ್ಲಿ ‘ಇ’ ಕೀಲಿ ಒತ್ತಿದರೆ ಒಂದೊಂದೇ ಫ್ರೇಮ್ (ಒಂದು ಸ್ಥಿರಚಿತ್ರ) ಮುಂದೆ ಹೋಗುತ್ತದೆ, ಕಟ್ ಎಲ್ಲಿದೆ ಎಂದು ನಿಖರವಾಗಿ ಹಿಡಿಯಲು ಅದು ಬೇಕು. ನೋಟ್‌ಬುಕ್ಕಿನಲ್ಲಿ ಎಂಟು ಕಾಲಂ ಗೀಟು ಎಳೆಯಿರಿ: ಶಾಟ್ ಸಂಖ್ಯೆ, ಶುರುವಾದ ಸಮಯ, ಎಷ್ಟು ಸೆಕೆಂಡು, ಗಾತ್ರ (ದೂರದ್ದು, ಮಧ್ಯಮ, ಕ್ಲೋಸಪ್), ಕ್ಯಾಮೆರಾದ ಎತ್ತರ, ಚಲನೆ, ಮಾತು ಯಾರದು ಮತ್ತು ಮುಖ ಯಾರದು, ಕಟ್ ಆಗಲು ಕಾರಣ.

ಒಂದು ಸಾಲು ಹೀಗಿರಬಹುದು: 7, 01:12:40, 6 ಸೆಕೆಂಡು, ಮಧ್ಯಮ, ಕೂತವರ ಕಣ್ಣೆತ್ತರ, ಅಲುಗಾಟವಿಲ್ಲ, ಮಾತು ಅಪ್ಪನದು ಮುಖ ಮಗಳದು, ಮಗಳು ತಲೆ ಎತ್ತಿದಾಗ ಕಟ್.

ಕೊನೆಯ ಎರಡು ಕಾಲಂಗಳೇ ಮುಖ್ಯ. ಮಾತಾಡುವವರ ಮುಖವನ್ನೇ ತೋರಿಸಬೇಕು ಎಂದು ಹೊಸಬರು ನಂಬಿರುತ್ತಾರೆ. ಒಳ್ಳೆಯ ನಿರ್ದೇಶಕರು ಬಹಳ ಸಲ ಕೇಳಿಸಿಕೊಳ್ಳುವವರ ಮುಖ ತೋರಿಸುತ್ತಾರೆ ಎಂಬುದು ಪಟ್ಟಿ ತುಂಬುತ್ತಾ ಹೋದಂತೆ ಕಣ್ಣಿಗೆ ಬೀಳುತ್ತದೆ. ‘ಕಟ್ ಆಗಲು ಕಾರಣ’ ಎಂಬಲ್ಲಿ ಏನೂ ತೋಚದಿದ್ದರೆ ಖಾಲಿ ಬಿಡಿ, ಸುಳ್ಳು ಕಾರಣ ತುಂಬಬೇಡಿ.

ಪಟ್ಟಿ ಮುಗಿದ ಮೇಲೆ ಸರಾಸರಿ ಲೆಕ್ಕ ಹಾಕಿ. ದೃಶ್ಯ 4 ನಿಮಿಷ 10 ಸೆಕೆಂಡು, ಅಂದರೆ 250 ಸೆಕೆಂಡು, ಶಾಟ್ 25 ಇದ್ದರೆ ಸರಾಸರಿ 10 ಸೆಕೆಂಡು. ಸರಾಸರಿಗಿಂತ ಎರಡರಷ್ಟು ಉದ್ದವಿರುವ ಶಾಟ್ ಯಾವುದು, ಅರ್ಧಕ್ಕಿಂತ ಚಿಕ್ಕದು ಯಾವುದು ಎಂದು ಗುರುತು ಹಾಕಿ. ನಿರ್ದೇಶಕರ ಒತ್ತು ಎಲ್ಲಿದೆ ಎಂಬುದನ್ನು ಈ ಎರಡು ಗುರುತುಗಳು ಹೇಳುತ್ತವೆ.

ಪಕ್ಕದ ಪುಟದಲ್ಲಿ ಮೇಲಿನಿಂದ ನೋಡಿದ ನಕ್ಷೆ ಬರೆಯಿರಿ: ಬಾಗಿಲು, ಕಿಟಕಿ, ಮಂಚ, ಯಾರು ಎಲ್ಲಿ, ಪ್ರತಿ ಶಾಟ್‌ನ ಕ್ಯಾಮೆರಾ ಎಲ್ಲಿ. ಇಬ್ಬರ ನಡುವೆ ಒಂದು ಗೆರೆ ಎಳೆದರೆ ಹೆಚ್ಚಿನ ಕ್ಯಾಮೆರಾಗಳು ಆ ಗೆರೆಯ ಒಂದೇ ಬದಿಯಲ್ಲಿರುತ್ತವೆ. ಗೆರೆ ದಾಟಿದ ಶಾಟ್ ಸಿಕ್ಕರೆ ಅಲ್ಲಿ ಪಾತ್ರ ನಡೆದು ಜಾಗ ಬದಲಿಸಿತೇ, ಕ್ಯಾಮೆರಾವೇ ಚಲಿಸಿ ದಾಟಿತೇ ಎಂದು ನೋಡಿ. ಓಜು ಮಾತ್ರ ಈ ಗೆರೆಯನ್ನು ಬೇಕೆಂದೇ ದಾಟುತ್ತಿದ್ದವರು. ಅವರ ಚಿತ್ರದ ನಕ್ಷೆ ಹಾಕಿ ತಲೆ ಕೆಟ್ಟರೆ ನಿಮ್ಮ ತಪ್ಪೇನೂ ಇಲ್ಲ.

ಕ್ಯಾಮೆರಾದ ಎತ್ತರವನ್ನು ಬರೆಯಲು ಹೇಳಿದ್ದಕ್ಕೂ ಓಜು ಅವರೇ ಕಾರಣ. ಅವರ ಪಾತ್ರಗಳು ಚಾಪೆಯ ಮೇಲೆ ಕೂರುತ್ತವೆ, ಕ್ಯಾಮೆರಾವೂ ಕೆಳಗೇ ಇರುತ್ತದೆ. ನಮ್ಮ ಮನೆಗಳಲ್ಲೂ ಊಟಕ್ಕೆ, ಹೂ ಕಟ್ಟುವುದಕ್ಕೆ, ತರಕಾರಿ ಹೆಚ್ಚುವುದಕ್ಕೆ ನೆಲದ ಮೇಲೆ ಕೂರುವವರಿದ್ದಾರೆ. ಹೊಸಬರ ಕಿರುಚಿತ್ರಗಳಲ್ಲಿ ಅವರನ್ನು ನಿಂತವರ ಎತ್ತರದಿಂದಲೇ ತೆಗೆದಿರುತ್ತಾರೆ, ಎಲ್ಲರ ನೆತ್ತಿ ಮಾತ್ರ ಕಾಣುತ್ತದೆ. ನೆಲದ ಮೇಲೆ ಕೂತವರ ಕಣ್ಣೆತ್ತರ ಸುಮಾರು ಎರಡೂವರೆ ಅಡಿ. ಟ್ರೈಪಾಡ್ ಅಷ್ಟು ಇಳಿಯದಿದ್ದರೆ ಮಣೆಯ ಮೇಲೆ ನಾಲ್ಕು ಪುಸ್ತಕ ಪೇರಿಸಿ ಫೋನ್ ಇಡಿ.

4. ಮೊದಲು ಕಥೆ ಓದಿ, ಆಮೇಲೆ ಸಿನಿಮಾ ನೋಡಿ

ಸತ್ಯಜಿತ್ ರೇ ‘ಪಥೇರ್ ಪಾಂಚಾಲಿ’ (1955) ಮಾಡುವುದಕ್ಕೂ ಮುಂಚೆ, ಜಾಹೀರಾತು ಸಂಸ್ಥೆಯಲ್ಲಿ ಚಿತ್ರಗಾರರಾಗಿದ್ದ ದಿನಗಳಲ್ಲಿ, ಒಂದು ಅಭ್ಯಾಸ ಇಟ್ಟುಕೊಂಡಿದ್ದರು. ಯಾವುದಾದರೂ ಕಾದಂಬರಿ ಸಿನಿಮಾ ಆಗುತ್ತಿದೆ ಎಂದು ತಿಳಿದರೆ ತಾವೇ ಅದಕ್ಕೊಂದು ಚಿತ್ರಕಥೆ ಬರೆಯುವುದು, ಸಿನಿಮಾ ಬಂದ ಮೇಲೆ ಎರಡನ್ನೂ ಹೋಲಿಸಿ ನೋಡುವುದು. ಕಾಸಿಲ್ಲದೆ, ಕ್ಯಾಮೆರಾ ಇಲ್ಲದೆ ನಿರ್ದೇಶನ ಕಲಿಯಲು ಇದಕ್ಕಿಂತ ಒಳ್ಳೆಯ ವಿಧಾನ ನಮಗೆ ಗೊತ್ತಿಲ್ಲ. ಕನ್ನಡದವರಿಗಂತೂ ಇದು ಸುಲಭ, ಸಾಹಿತ್ಯದಿಂದ ಬಂದ ಚಿತ್ರಗಳು ನಮ್ಮಲ್ಲಿ ಅಷ್ಟಿವೆ.

ಕೆಲಸ ಹೀಗೆ. ‘ಅಬಚೂರಿನ ಪೋಸ್ಟಾಫೀಸು’ ಸಂಕಲನದಿಂದ ತಬರನ ಕತೆಯನ್ನು ಓದಿ. ಸಿನಿಮಾ ಇನ್ನೂ ನೋಡಿರಬಾರದು, ಎರಡನೇ ಹಂತಕ್ಕೆ ಇದನ್ನೇ ನೋಡಿದ್ದರೆ ಬೇರೆ ಕಥೆ ಹಿಡಿಯಿರಿ. ಕಥೆಯ ಅಂಚಿನಲ್ಲಿ ಎರಡು ಬಣ್ಣದ ಪೆನ್ನಿನಿಂದ ಗುರುತು ಹಾಕಿ: ಕಣ್ಣಿಗೆ ಕಾಣುವುದು, ಕಿವಿಗೆ ಕೇಳುವುದು ಒಂದು ಬಣ್ಣ, ಲೇಖಕರು ಹೇಳಿದ್ದರಿಂದ ಮಾತ್ರ ನಮಗೆ ತಿಳಿಯುವುದು ಇನ್ನೊಂದು ಬಣ್ಣ. ಎರಡನೆಯ ಬಣ್ಣದ್ದೆಲ್ಲ ನಿಮ್ಮ ತಲೆನೋವು. ‘ಅವನಿಗೆ ಅವಮಾನವಾಯಿತು’ ಎಂಬುದನ್ನು ಚಿತ್ರೀಕರಿಸಲಾಗುವುದಿಲ್ಲ. ಅವಮಾನವಾದವನು ಏನು ಮಾಡುತ್ತಾನೆ? ಅರ್ಜಿಯನ್ನು ಮತ್ತೆ ಮಡಿಸುತ್ತಾನೆಯೇ, ಛತ್ರಿ ಹುಡುಕುವ ನೆಪದಲ್ಲಿ ಬಗ್ಗುತ್ತಾನೆಯೇ? ಅಂಥದ್ದೊಂದು ಸಿಗುವವರೆಗೆ ಮುಂದಿನ ಸಾಲಿಗೆ ಹೋಗಬೇಡಿ.

ಆಮೇಲೆ ಹತ್ತು ಪುಟದ ಚಿತ್ರಕಥೆ ಬರೆಯಿರಿ. ಒಂದು ಪುಟಕ್ಕೆ ಸುಮಾರು ಒಂದು ನಿಮಿಷ ಎಂಬುದು ಚಾಲ್ತಿಯಲ್ಲಿರುವ ಲೆಕ್ಕ. ಕನ್ನಡದಲ್ಲಿ ಕೈಬರಹದಲ್ಲಿ ಬರೆದರೆ ಇದು ಏರುಪೇರಾಗುತ್ತದೆ, ಹಾಗಾಗಿ ಗಟ್ಟಿಯಾಗಿ ಓದಿ ಗಡಿಯಾರ ಹಿಡಿಯಿರಿ. ಪ್ರತಿ ದೃಶ್ಯದ ತಲೆಯ ಮೇಲೆ ಒಳಾಂಗಣವೋ ಹೊರಾಂಗಣವೋ, ಜಾಗ, ಹೊತ್ತು ಇರಲಿ. ಚಿತ್ರಕಥೆಯಲ್ಲಿ ‘ಯೋಚಿಸುತ್ತಾನೆ’, ‘ನೆನಪಾಗುತ್ತದೆ’, ‘ಅರಿವಾಗುತ್ತದೆ’ ಎಂಬ ಮೂರು ಕ್ರಿಯಾಪದಗಳನ್ನು ಬಳಸಬಾರದೆಂದು ನಿಯಮ ಹಾಕಿಕೊಳ್ಳಿ.

ಈಗ ಸಿನಿಮಾ ನೋಡಿ ಮೂರು ಪಟ್ಟಿ ಮಾಡಿ: ಕಥೆಯಲ್ಲಿದ್ದು ಅವರು ಬಿಟ್ಟದ್ದು, ಇಲ್ಲದೆ ಸೇರಿಸಿದ್ದು, ಇದ್ದದ್ದರ ಜಾಗ ಬದಲಿಸಿದ್ದು. ಇದೇ ಅಭ್ಯಾಸವನ್ನು ವೈದೇಹಿಯವರ ಕಥೆ ಮತ್ತು ‘ಗುಲಾಬಿ ಟಾಕೀಸ್’ (2008) ಇಟ್ಟುಕೊಂಡು ಮಾಡಿದರೆ ಇನ್ನೂ ರುಚಿ. ಕಥೆಯಲ್ಲಿರುವುದು ಊರಿಗೆ ಬರುವ ಟಾಕೀಸು. ಕಾಸರವಳ್ಳಿ ಅದನ್ನು 1990ರ ದಶಕದ ಕೊನೆಗೆ, ಕಾರ್ಗಿಲ್ ಯುದ್ಧದ ಹೊತ್ತಿಗೆ ತಂದು, ಸೂಲಗಿತ್ತಿ ಗುಲಾಬಿಯ ಮನೆಗೆ ಬಣ್ಣದ ಟಿ.ವಿ. ಬರುವಂತೆ ಮಾಡಿದರು. ಒಂದು ವಸ್ತು ಬದಲಾದಾಗ ಯಾರು ಯಾರ ಮನೆಗೆ ಬರುತ್ತಾರೆ, ಯಾರು ಹೊರಗೇ ನಿಲ್ಲುತ್ತಾರೆ, ಎಲ್ಲವೂ ಬದಲಾಗುತ್ತದೆ. ಕಥೆಗೆ ನಿಷ್ಠೆ ಎಂದರೆ ಸಾಲುಸಾಲಾಗಿ ಚಿತ್ರೀಕರಿಸುವುದು ಎಂದು ನಂಬಿದವರು ಈ ಎರಡನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಲೇಬೇಕು.

‘ಘಟಶ್ರಾದ್ಧ’ಕ್ಕೆ ಬೇರೆ ಪ್ರಶ್ನೆ ಕೇಳಿ. ಕಥೆ ಹುಡುಗ ನಾಣಿಯ ಕಣ್ಣಿನಲ್ಲಿ ನಡೆಯುತ್ತದೆ. ಹಾಗಾದರೆ ಚಿತ್ರದಲ್ಲಿ ನಾಣಿ ಇಲ್ಲದ, ಅವನು ನೋಡಿರಲು ಸಾಧ್ಯವಿಲ್ಲದ ದೃಶ್ಯಗಳು ಎಷ್ಟಿವೆ? ಇರುವ ಕಡೆ ಅವನ್ನು ಏಕೆ ಇಡಬೇಕಾಯಿತು? 2024ರ ವೆನಿಸ್ ಚಿತ್ರೋತ್ಸವದಲ್ಲಿ ಈ ಚಿತ್ರದ ಪುನರುಜ್ಜೀವಿತ ಪ್ರತಿ ಪ್ರದರ್ಶನವಾಯಿತು. ಮಾಸಿದ ಯೂಟ್ಯೂಬ್ ಪ್ರತಿಯಲ್ಲಿ ಕತ್ತಲೆಯ ದೃಶ್ಯಗಳು ಬರೀ ಮಸಿಯಂತೆ ಕಾಣುತ್ತವೆ, ಬೆಳಕಿನ ಅಭ್ಯಾಸಕ್ಕೆ ಅಂಥ ಪ್ರತಿ ಬಳಸಬೇಡಿ.

ಹಿಚ್‌ಕಾಕ್ ಫ್ರೆಂಚ್ ನಿರ್ದೇಶಕ ತ್ರೂಫೋ ಜೊತೆಗಿನ ಮಾತುಕತೆಯಲ್ಲಿ ಮೇಜಿನ ಕೆಳಗಿನ ಬಾಂಬಿನ ಉದಾಹರಣೆ ಕೊಟ್ಟಿದ್ದಾರೆ. ಬಾಂಬಿದೆ ಎಂದು ತಿಳಿಸದೆ ಸಿಡಿಸಿದರೆ ಪ್ರೇಕ್ಷಕರಿಗೆ ಹದಿನೈದು ಸೆಕೆಂಡಿನ ಬೆಚ್ಚು, ಮೊದಲೇ ತೋರಿಸಿ ಪಾತ್ರಗಳನ್ನು ಹರಟಲು ಬಿಟ್ಟರೆ ಹದಿನೈದು ನಿಮಿಷದ ಆತಂಕ. ನೀವು ಬರೆದ ಹತ್ತು ಪುಟದಲ್ಲಿ ಒಂದು ದೃಶ್ಯವನ್ನು ಎರಡೂ ರೀತಿ ಬರೆದು ನೋಡಿ: ಒಮ್ಮೆ ಪ್ರೇಕ್ಷಕರಿಗೆ ಪಾತ್ರಕ್ಕಿಂತ ಮೊದಲೇ ವಿಷಯ ಗೊತ್ತು, ಒಮ್ಮೆ ಪಾತ್ರದ ಜೊತೆಗೇ ಗೊತ್ತಾಗುತ್ತದೆ.

ಹಕ್ಕಿನ ವಿಚಾರ. ಅಭ್ಯಾಸಕ್ಕೆ ಬರೆದು ಪೆಟ್ಟಿಗೆಯಲ್ಲಿ ಇಡುವುದಕ್ಕೆ ಯಾರ ಅನುಮತಿಯೂ ಬೇಡ. ಚಿತ್ರ ಮಾಡಿ ಹೊರಗೆ ತೋರಿಸುವುದಾದರೆ ಬೇಕು. ಭಾರತದಲ್ಲಿ ಲೇಖಕರು ತೀರಿಕೊಂಡ ವರ್ಷದ ನಂತರ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ತೇಜಸ್ವಿಯವರು ನಿಧನರಾದದ್ದು 2007ರಲ್ಲಿ, ಅಂದರೆ ಅವರ ಕಥೆಗಳಿಗೆ ಇನ್ನೂ ಬಹಳ ಕಾಲ ಅನುಮತಿ ಬೇಕು. ಪುಟ್ಟಣ್ಣನವರ ‘ಬೆಳ್ಳಿಮೋಡ’, ‘ಶರಪಂಜರ’ಗಳಿಗೆ ಕಾದಂಬರಿ ಕೊಟ್ಟ ತ್ರಿವೇಣಿ 1963ರಲ್ಲಿ ತೀರಿಕೊಂಡರು, ಅವರ ಜೀವಿತಕಾಲದಲ್ಲೇ ಪ್ರಕಟವಾದ ಕೃತಿಗಳ ಅವಧಿ 2023ರ ಕೊನೆಗೆ ಮುಗಿದಿದೆ. ಅನುಮತಿ ಸಿಕ್ಕರೆ ಬಾಯಿಮಾತು ಸಾಲದು, ಯಾವ ಕಥೆ, ಎಷ್ಟು ನಿಮಿಷದ ಚಿತ್ರ, ಎಲ್ಲೆಲ್ಲಿ ಪ್ರದರ್ಶನ ಎಂದು ಕಾಗದದ ಮೇಲೆ ಬರೆಸಿಕೊಳ್ಳಿ.

5. ಅದೇ ದೃಶ್ಯವನ್ನು ನಿಮ್ಮ ಮನೆಯಲ್ಲಿ ತೆಗೆಯಿರಿ

ಮೂರನೇ ಹಂತದಲ್ಲಿ ಪಟ್ಟಿ ಮಾಡಿದ ದೃಶ್ಯದಿಂದ ಎಂಟು ಹತ್ತು ಶಾಟ್‌ಗಳನ್ನು ಎತ್ತಿಕೊಂಡು, ಸ್ನೇಹಿತರನ್ನು ಕೂರಿಸಿ, ಶಾಟ್‌ಗೆ ಶಾಟ್ ಹಾಗೆಯೇ ತೆಗೆಯಿರಿ. ಇದು ಕಲಿಕೆಗೆ ಮಾತ್ರ, ಎಲ್ಲೂ ಹಾಕಬೇಡಿ. ಚಿತ್ರಕಲೆ ಕಲಿಯುವವರು ಹಳೆಯ ಚಿತ್ರಗಳ ನಕಲು ಬರೆಯುವಂತೆ ಇದೂ ಒಂದು ನಕಲು.

ಫೋನಿನ ಜೋಡಣೆ: ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಆ್ಯಪ್ ಉಚಿತ, ಅದರಲ್ಲಿ ಎಲ್ಲವನ್ನೂ ಕೈಯಿಂದ ಹೊಂದಿಸಬಹುದು. ಸೆಕೆಂಡಿಗೆ 24 ಅಥವಾ 25 ಫ್ರೇಮ್, ಶಟರ್ (ಪ್ರತಿ ಫ್ರೇಮಿಗೆ ಬೆಳಕು ಬೀಳುವ ಹೊತ್ತು) 1/50 ಸೆಕೆಂಡು. ನಮ್ಮ ವಿದ್ಯುತ್ತು 50 ಹರ್ಟ್ಸ್ ಆದ್ದರಿಂದ ದೀಪಗಳು ಸೆಕೆಂಡಿಗೆ ನೂರು ಸಲ ಮಿನುಗುತ್ತವೆ. ಶಟರ್ 1/60 ಇಟ್ಟರೆ ಚಿತ್ರದಲ್ಲಿ ಪಟ್ಟೆಗಳು ಹರಿದಾಡುತ್ತವೆ, 1/50 ಅಥವಾ 1/100 ಇಟ್ಟರೆ ನಿಲ್ಲುತ್ತವೆ. ಅಗ್ಗದ ಎಲ್‌ಇಡಿ ಬಲ್ಬುಗಳು ಹೀಗೆ ಮಾಡಿದರೂ ಕೆಲವೊಮ್ಮೆ ಮಿನುಗುತ್ತವೆ, ಆಗ ಬಲ್ಬನ್ನೇ ಬದಲಿಸಬೇಕು. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ), ಫೋಕಸ್, ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಿಕೆ) ಮೂರನ್ನೂ ಲಾಕ್ ಮಾಡಿ. ಲಾಕ್ ಮಾಡದಿದ್ದರೆ ಬಿಳಿ ಅಂಗಿಯವರು ಫ್ರೇಮಿಗೆ ಬಂದ ತಕ್ಷಣ ಇಡೀ ಕೋಣೆ ಕತ್ತಲಾಗುತ್ತದೆ. ಮುಖದ ಶಾಟ್‌ಗಳಿಗೆ ಎರಡು ಪಟ್ಟು ಹತ್ತಿರ ತೋರಿಸುವ (2x) ಲೆನ್ಸ್ ಇದ್ದರೆ ಅದನ್ನು ಬಳಸಿ, ಅಗಲ ಲೆನ್ಸನ್ನು ಮುಖದ ಹತ್ತಿರ ಒಯ್ದರೆ ಮೂಗು ಊದಿದಂತೆ ಕಾಣುತ್ತದೆ.

ಬೆಳಕು: ಇಲ್ಲಿ ಗುರು ರೇ ಅವರ ಛಾಯಾಗ್ರಾಹಕ ಸುಬ್ರತ ಮಿತ್ರ. ‘ಪಥೇರ್ ಪಾಂಚಾಲಿ’ ಶುರುವಾದಾಗ ಅವರಿಗೆ 21-22 ವರ್ಷ, ಮೂವಿ ಕ್ಯಾಮೆರಾ ಮುಟ್ಟಿದವರಲ್ಲ. ‘ಅಪರಾಜಿತೊ’ (1956) ಚಿತ್ರಕ್ಕೆ ಬನಾರಸಿನ ಮನೆಯ ಅಂಗಳವನ್ನು ಸ್ಟುಡಿಯೊದಲ್ಲಿ ಕಟ್ಟಿದಾಗ, ತೆರೆದ ಆಕಾಶದಿಂದ ಇಳಿಯುವ ನೆರಳಿಲ್ಲದ ಬೆಳಕು ಬೇಕಾಯಿತು. ಅವರು ಮೇಲೆ ಬಿಳಿ ಬಟ್ಟೆ ಕಟ್ಟಿ, ದೀಪಗಳನ್ನು ಅದರತ್ತ ತಿರುಗಿಸಿ, ಪುಟಿದು ಬಂದ ಬೆಳಕಿನಲ್ಲಿ ಚಿತ್ರೀಕರಿಸಿದರು. ನೀವು ಮಾಡಬೇಕಾದದ್ದೂ ಅಷ್ಟೇ. ಕಿಟಕಿಯ ಪಕ್ಕ ಪಾತ್ರ, ಕಿಟಕಿಗೆ ಎದುರು ಬದಿಯಲ್ಲಿ ಮೂರು ನಾಲ್ಕು ಅಡಿ ದೂರದಲ್ಲಿ ಬಿಳಿ ಬೆಡ್‌ಶೀಟು ಅಥವಾ ಥರ್ಮೋಕೋಲ್ ಹಾಳೆ. ಮುಖದ ಕತ್ತಲ ಬದಿ ಮೆಲ್ಲಗೆ ತೆರೆದುಕೊಳ್ಳುತ್ತದೆ. ಹತ್ತಿರ ತಂದರೆ ಹೆಚ್ಚು, ದೂರ ಸರಿಸಿದರೆ ಕಡಿಮೆ. ರಾತ್ರಿಯಾದರೆ ದೀಪವನ್ನು ಗೋಡೆಗೆ ತಿರುಗಿಸಿ, ಆದರೆ ಹೀಗೆ ಪುಟಿಸಿದಾಗ ಬೆಳಕಿನ ಬಹುಪಾಲು ಸೋರಿಹೋಗುತ್ತದೆ, ಅಂಗೈಯಗಲದ ಎಲ್‌ಇಡಿ ಸಾಲುವುದಿಲ್ಲ. ಇನ್ನೊಂದು: ನಮ್ಮ ಮನೆಗಳ ತಿಳಿಹಸಿರು, ನೀಲಿ ಗೋಡೆಗಳಿಂದ ಪುಟಿದ ಬೆಳಕು ಅದೇ ಬಣ್ಣ ಹೊತ್ತು ಬರುತ್ತದೆ, ಮುಖ ಕಾಯಿಲೆ ಬಿದ್ದವರಂತೆ ಕಾಣುತ್ತದೆ. ಗೋಡೆಯ ಮೇಲೆ ಮೊದಲು ಬಿಳಿ ಬಟ್ಟೆ ಹೊದಿಸಿ.

ಸದ್ದು: ಚಿತ್ರ ಸ್ವಲ್ಪ ಮಂಕಾದರೆ ನೋಡುವವರು ಸಹಿಸುತ್ತಾರೆ, ಮಾತು ಕೇಳದಿದ್ದರೆ ಎದ್ದು ಹೋಗುತ್ತಾರೆ. ಕ್ಯಾಮೆರಾ ಆಗಿರುವ ಫೋನಿನ ಮೈಕನ್ನು ನಂಬಬೇಡಿ. ಇನ್ನೊಂದು ಫೋನಿಗೆ ಕಾಲರ್ ಮೈಕು ಸಿಕ್ಕಿಸಿ, ಫೋನನ್ನು ಏರೋಪ್ಲೇನ್ ಮೋಡ್‌ನಲ್ಲಿಟ್ಟು, ಮೈಕನ್ನು ನಟರ ಎದೆಯ ಹತ್ತಿರ ಬಟ್ಟೆಯೊಳಗೆ ಅಂಟಿಸಿ. ರೇಷ್ಮೆ ಮತ್ತು ಗಂಜಿ ಹಾಕಿದ ಕಾಟನ್ ಸೀರೆ ಉಜ್ಜಿ ಸದ್ದು ಮಾಡುತ್ತವೆ. ಪ್ರತಿ ಟೇಕ್ (ಒಂದು ಶಾಟ್ ತೆಗೆಯುವ ಒಂದೊಂದು ಯತ್ನ) ಶುರುವಿನಲ್ಲಿ ಕ್ಯಾಮೆರಾ ಮುಂದೆ ಒಂದು ಚಪ್ಪಾಳೆ, ಸಂಕಲನದಲ್ಲಿ ಚಿತ್ರ ಮತ್ತು ಸದ್ದು ಹೊಂದಿಸಲು. ಫ್ಯಾನು, ಪಂಪು, ಫ್ರಿಜ್ಜು ಆರಿಸಿ. ಫ್ರಿಜ್ಜು ಆರಿಸಿದಾಗ ನಿಮ್ಮ ಗಾಡಿಯ ಕೀ ಅದರೊಳಗಿಡಿ, ಮತ್ತೆ ಹಾಕುವುದನ್ನು ಮರೆತು ಮನೆಗೆ ಹೊರಡಲಾರಿರಿ. ಚಿತ್ರೀಕರಣ ಮುಗಿದ ಮೇಲೆ ಯಾರೂ ಅಲುಗಾಡದೆ ಅದೇ ಕೋಣೆಯ ಮೌನವನ್ನು ಒಂದು ನಿಮಿಷ ರೆಕಾರ್ಡ್ ಮಾಡಿಕೊಳ್ಳಿ. ಮಾತುಗಳ ನಡುವೆ ಕತ್ತರಿಸಿದಾಗ ಬೀಳುವ ತೂತುಗಳನ್ನು ಮುಚ್ಚಲು ಅದು ಬೇಕು.

ಹಾಡು ತೆಗೆಯುವ ಆಸೆ ಇದ್ದರೆ ಒಂದು ಸುಳಿವು. ‘ನಾಗರಹಾವು’ ಚಿತ್ರದ ‘ಬಾರೆ ಬಾರೆ’ ಹಾಡನ್ನು ನಿಧಾನಗತಿಯಲ್ಲಿ ಚಿತ್ರಿಸಿದ್ದು ಎಲ್ಲರಿಗೂ ಗೊತ್ತು. ಫೋನಿನಲ್ಲಿ ಇದನ್ನು ಮಾಡಬೇಕಾದರೆ ಸೆಕೆಂಡಿಗೆ 50 ಫ್ರೇಮ್ ತೆಗೆದು 25ರಲ್ಲಿ ಓಡಿಸಿ, ಚಿತ್ರೀಕರಣದ ವೇಳೆ ಹಾಡನ್ನು ಎರಡರಷ್ಟು ವೇಗದಲ್ಲಿ ನುಡಿಸಿ, ನಟರು ಆ ವೇಗಕ್ಕೇ ತುಟಿ ಆಡಿಸಲಿ. 60 ಫ್ರೇಮ್ ತೆಗೆದು 24ರಲ್ಲಿ ಓಡಿಸಿದರೆ ಹಾಡು ಎರಡೂವರೆ ಪಟ್ಟು ವೇಗದಲ್ಲಿರಬೇಕಾಗುತ್ತದೆ, ಅಷ್ಟು ವೇಗಕ್ಕೆ ಯಾರ ತುಟಿಯೂ ಹೊಂದುವುದಿಲ್ಲ.

6. ನಟರು

‘ತಿಥಿ’ (2015) ಚಿತ್ರವನ್ನು ರಾಮ್ ರೆಡ್ಡಿ ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ, ಮೊದಲು ಎಂದೂ ನಟಿಸಿರದ ಹಳ್ಳಿಯ ಜನರನ್ನೇ ಇಟ್ಟುಕೊಂಡು ತೆಗೆದರು. ಅದೇ ಊರಿನ ಈರೇಗೌಡ ಜೊತೆಯಲ್ಲಿ ಬರೆದರು. ಆ ಚಿತ್ರ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದ ಮೇಲೆ ‘ನಟರೇ ಬೇಡ, ಊರವರು ಸಾಕು’ ಎಂದು ಹೊರಟವರು ಬಹಳ. ಊರವರು ಅಗ್ಗ ಎಂಬ ಕಾರಣಕ್ಕೆ ಆರಿಸಿದರೆ ಕೆಟ್ಟಿರಿ, ಅವರಿಗೆ ನಟರಿಗಿಂತ ಹೆಚ್ಚು ಸಮಯ ಕೊಡಬೇಕಾಗುತ್ತದೆ.

ಅವರಿಗೆ ಸಂಭಾಷಣೆಯ ಹಾಳೆ ಕೊಡಬೇಡಿ. ಸನ್ನಿವೇಶ ಹೇಳಿ, ಏನು ಬೇಕಾಗಿದೆ ಎಂದು ಹೇಳಿ, ಮಾತು ಅವರದೇ ಇರಲಿ. ಮಂಡ್ಯದವರ ಬಾಯಲ್ಲಿ ಪುಸ್ತಕದ ಕನ್ನಡ, ಕುಂದಾಪುರದವರ ಬಾಯಲ್ಲಿ ಬೆಂಗಳೂರು ಕನ್ನಡ ತುರುಕಿದ ಕ್ಷಣವೇ ಅವರು ಕಲ್ಲಾಗುತ್ತಾರೆ. ಮಾತಾಡುವಾಗ ಕೈಗೆ ಕೆಲಸ ಇರಲಿ: ಬೀಡಿ ಕಟ್ಟುವುದು, ಹಗ್ಗ ಹೊಸೆಯುವುದು, ಕಾಯಿ ಸುಲಿಯುವುದು. ನಾಲ್ಕೈದು ಟೇಕ್ ಆದ ಮೇಲೆ ಅವರು ‘ಆ್ಯಕ್ಟಿಂಗ್’ ಶುರು ಮಾಡುತ್ತಾರೆ, ಅಷ್ಟರೊಳಗೆ ಮುಗಿಸಿ.

ನೋಲನ್ ದಾರಿ ಇನ್ನೊಂದು. ‘ಫಾಲೋಯಿಂಗ್’ಗೆ ಫಿಲ್ಮ್ ದುಬಾರಿ ಎಂದು ಅವರು ನಾಟಕದ ಹಾಗೆ ಮೊದಲೇ ತಾಲೀಮು ಮಾಡಿಸಿ, ಒಂದೆರಡು ಟೇಕಿನಲ್ಲಿ ಮುಗಿಸುತ್ತಿದ್ದರು. ನಿಮ್ಮ ಜೊತೆ ಹವ್ಯಾಸಿ ರಂಗಭೂಮಿಯವರಿದ್ದರೆ ಇದು ಸರಿಯಾಗುತ್ತದೆ. ಅವರಿಗೆ ಹೇಳಬೇಕಾದದ್ದು ಒಂದೇ: ದನಿ ಕೊನೆಯ ಸಾಲಿನವರೆಗೆ ತಲುಪಬೇಕಿಲ್ಲ, ಮೈಕು ಎದೆಯ ಮೇಲೇ ಇದೆ. ಯಾವ ನಟರಿಗೂ ‘ಸ್ವಲ್ಪ ದುಃಖ ಜಾಸ್ತಿ’ ಎನ್ನಬೇಡಿ. ‘ಅವಳು ಬಾಗಿಲು ದಾಟುವ ಮೊದಲು ಹೇಗಾದರೂ ತಡೆಯಿರಿ’ ಎಂದು ಕೆಲಸ ಕೊಡಿ.

7. ಸ್ವಂತದ ಐದು ನಿಮಿಷ

ರಾಡ್ರಿಗಸ್ ‘ಎಲ್ ಮರಿಯಾಚಿ’ ಬರೆಯುವ ಮುನ್ನ ಪುಕ್ಕಟೆ ಸಿಗುವುದರ ಪಟ್ಟಿ ಮಾಡಿದರು: ಒಂದು ಬಾರು, ಒಂದು ಬಸ್ಸು, ಒಂದು ನಾಯಿ, ಒಂದು ಆಮೆ. ಆಮೇಲೆ ಅವುಗಳ ಸುತ್ತ ಕಥೆ ಹೆಣೆದರು. ಚಿತ್ರೀಕರಣಕ್ಕೆ ಆದ ಖರ್ಚು ಸುಮಾರು 7,000 ಡಾಲರ್. (ಚಿತ್ರಮಂದಿರಕ್ಕೆ ತರಲು ದೊಡ್ಡ ಸ್ಟುಡಿಯೊ ಅದರ ಎಷ್ಟೋ ಪಟ್ಟು ಸುರಿಯಿತು, ಆ ಭಾಗವನ್ನು ದಂತಕಥೆ ಹೇಳುವವರು ನುಂಗಿಬಿಡುತ್ತಾರೆ.) ನೀವೂ ಪಟ್ಟಿ ಮಾಡಿ: ಮಾವನ ಹಿಟ್ಟಿನ ಗಿರಣಿ, ಗೆಳೆಯನ ಆಟೊ, ಭಾನುವಾರ ಮುಚ್ಚಿರುವ ಟ್ಯೂಷನ್ ಕೋಣೆ, ನಟಿಸಬಲ್ಲ ಅಜ್ಜಿ. ಪಟ್ಟಿಯಲ್ಲಿ ಇಲ್ಲದ್ದು ಕಥೆಯಲ್ಲೂ ಬೇಡ. ರೈಲು ನಿಲ್ದಾಣ, ಮೆಟ್ರೊ, ಪುರಾತತ್ವ ಇಲಾಖೆಯ ಸ್ಮಾರಕ, ಕಾಡು ಇವಕ್ಕೆಲ್ಲ ಮೊದಲೇ ಅನುಮತಿ ಬೇಕು. ಪುಟ್ಟಣ್ಣ ತೆಗೆದರೆಂದು ಚಿತ್ರದುರ್ಗದ ಕೋಟೆಯಲ್ಲಿ ಟ್ರೈಪಾಡ್ ಊರಿದರೆ ಅರ್ಧ ದಿನ ಕಾವಲುಗಾರರ ಜೊತೆ ಮಾತಿನಲ್ಲೇ ಕಳೆಯುತ್ತದೆ.

ಐದು ಪುಟ, ಒಂದು ಜಾಗ, ಇಬ್ಬರು. ಸುಮಾರು 40 ಶಾಟ್. ಪ್ರತಿ ಶಾಟ್‌ಗೂ ಕಡ್ಡಿಮನುಷ್ಯರ ಚಿತ್ರ ಬರೆಯಿರಿ, ಸಾಕು. ರೇ ಕೆಂಪು ಬಟ್ಟೆ ಹೊದಿಸಿದ ಖಾತೆ ಪುಸ್ತಕಗಳಲ್ಲಿ ದೃಶ್ಯಗಳನ್ನು ಬರೆದಿಡುತ್ತಿದ್ದರು, ಆದರೆ ಅವರಂತೆ ಚಿತ್ರ ಬರೆಯಬೇಕಿಲ್ಲ. ಸಣ್ಣ ತಂಡಕ್ಕೆ ಒಂದು ಶಾಟ್‌ಗೆ ಅರ್ಧ ಗಂಟೆ ಹಿಡಿಯುತ್ತದೆ, ಹತ್ತು ಗಂಟೆಯ ದಿನಕ್ಕೆ 20. ಹಾಗಾಗಿ ಎರಡು ದಿನ. ಒಂದೇ ದಿನದಲ್ಲಿ 40 ಮುಗಿಸುತ್ತೇವೆ ಎಂದು ಹೊರಟವರು ಸಂಜೆ ನಾಲ್ಕರ ಹೊತ್ತಿಗೆ ಬರೀ ಕ್ಲೋಸಪ್ ತೆಗೆಯತೊಡಗುತ್ತಾರೆ, ಸಂಕಲನದಲ್ಲಿ ಪಾತ್ರಗಳು ಎಲ್ಲಿವೆ ಎಂದೇ ಗೊತ್ತಾಗುವುದಿಲ್ಲ. ದೂರದ ಶಾಟ್‌ಗಳನ್ನು ಬೆಳಿಗ್ಗೆಯೇ ಮುಗಿಸಿ. ಖರ್ಚಿನಲ್ಲಿ ಮೊದಲ ಹಣ ಊಟಕ್ಕೆ, ಎರಡನೆಯದು ಮೈಕಿಗೆ.

ಕಾಲಕ್ಕೆ ಬದಲಾಗುವುದನ್ನು ಒಂದೇ ಸಲಕ್ಕೆ ತೆಗೆದುಬಿಡಿ. ‘ಪಥೇರ್ ಪಾಂಚಾಲಿ’ಯಲ್ಲಿ ಅಪು, ದುರ್ಗಾ ರೈಲು ನೋಡುವ ದೃಶ್ಯವನ್ನು 1952ರಲ್ಲಿ ಬಿಳಿ ಕಾಶ ಹೂಗಳ ಬಯಲಿನಲ್ಲಿ ಶುರು ಮಾಡಿದರು. ಒಂದು ದಿನ ತೆಗೆದು ಮುಂದಿನ ವಾರ ಹೋದರೆ ದನಗಳು ಹೂವನ್ನೆಲ್ಲ ಮೇದು ಮುಗಿಸಿದ್ದವು. ಮತ್ತೆ ಹೂ ಬಿಡುವವರೆಗೆ ಮುಂದಿನ ವರ್ಷಕ್ಕೆ ಕಾಯಬೇಕಾಯಿತು. ಕಟಾವಿಗೆ ಬಂದ ಗದ್ದೆ, ಜಾತ್ರೆಯ ಪೆಂಡಾಲು, ನಟರ ಗಡ್ಡ, ಮಲೆನಾಡಿನ ಮಳೆ ಎಲ್ಲವೂ ಇದೇ ಜಾತಿ.

8. ಸಂಕಲನ, ಮತ್ತು ಯಾರ ಕೈಕೆಳಗೆ

ಚಿತ್ರೀಕರಣದ ರಾತ್ರಿಯೇ ಎರಡು ಬೇರೆ ಡ್ರೈವ್‌ಗಳಿಗೆ ನಕಲು ಮಾಡಿ. ಎರಡನ್ನೂ ತೆರೆದು ನೋಡುವವರೆಗೆ ಫೋನಿನಿಂದ ಏನನ್ನೂ ಅಳಿಸಬೇಡಿ. ಮೊದಲ ಜೋಡಣೆ ಏಳೆಂಟು ನಿಮಿಷ ಬರುತ್ತದೆ, ಅದು ಸಹಜ. ಈಗ ಮೂರನೇ ಹಂತದ ಎಂಟು ಕಾಲಂ ಪಟ್ಟಿಯನ್ನು ನಿಮ್ಮದೇ ಚಿತ್ರಕ್ಕೆ ತುಂಬಿ. ‘ಕಟ್ ಆಗಲು ಕಾರಣ’ ಖಾಲಿ ಉಳಿದ ಕಡೆಯೆಲ್ಲ ಆ ಕಟ್ ತೆಗೆದು ನೋಡಿ. ಪಾತ್ರ ಬಾಗಿಲು ತೆಗೆದು, ನಡೆದು, ಕುರ್ಚಿ ಎಳೆದು ಕೂರುವ ಶಾಟ್ ಇದ್ದರೆ ಕೂತಲ್ಲಿಂದಲೇ ಶುರು ಮಾಡಿ. ಸಿನಿಮಾ ಹಾಡನ್ನು ಹಿನ್ನೆಲೆಗೆ ಹಾಕಬೇಡಿ, ಹಕ್ಕಿನ ತೊಂದರೆ ಒಂದು ಕಡೆ, ನಿಮ್ಮ ದೃಶ್ಯಕ್ಕೆ ಬೇರೆಯವರ ಭಾವನೆ ಎರವಲು ತಂದಂತೆಯೂ ಆಗುತ್ತದೆ.

ಇಂಥ ಎರಡು ಮೂರು ಚಿತ್ರಗಳಾದ ಮೇಲೆ ಒಬ್ಬ ನಿರ್ದೇಶಕರ ಬಳಿ ಸಹಾಯಕರಾಗಿ ಸೇರುವುದು ಈಗಲೂ ಒಳ್ಳೆಯ ದಾರಿ. ಪುಟ್ಟಣ್ಣ ಬಿ.ಆರ್. ಪಂತುಲು ಅವರ ಬಳಿ ಪಳಗಿದವರು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಓದಿದ ಕಾಸರವಳ್ಳಿಯವರೂ ಬಿ.ವಿ. ಕಾರಂತರ ‘ಚೋಮನ ದುಡಿ’ಗೆ (1975) ಸಹಾಯಕರಾಗಿದ್ದರು. ಸೆಟ್ಟಿನಲ್ಲಿ ಮೊದಲು ಸಿಗುವುದು ಕ್ಲ್ಯಾಪ್ ಮತ್ತು ಕಂಟಿನ್ಯೂಟಿ (ಶಾಟ್‌ನಿಂದ ಶಾಟ್‌ಗೆ ಎಲ್ಲವೂ ಹೊಂದುವಂತೆ ನೋಡಿಕೊಳ್ಳುವುದು): ಯಾವ ಕೈಯಲ್ಲಿ ಲೋಟ ಇತ್ತು, ಲೋಟದಲ್ಲಿ ಎಷ್ಟು ಕಾಫಿ ಇತ್ತು, ಯಾವ ಮಾತಿಗೆ ಎದ್ದರು. ಫೋಟೊ ತೆಗೆದಿಟ್ಟುಕೊಳ್ಳಿ, ಜೊತೆಗೆ ಬರೆದೂ ಇಡಿ. ಕೈ ಯಾವುದು ಎಂದು ಫೋಟೊ ಹೇಳುತ್ತದೆ, ಯಾವ ಮಾತಿಗೆ ಎಂದು ಹೇಳುವುದಿಲ್ಲ. ನಾಳೆಗೆ ಬೇಕಾದ ಸಾಮಾನಿನ ಪಟ್ಟಿಯನ್ನು ಕೇಳುವ ಮೊದಲೇ ಕೊಡುವವರನ್ನು ನಿರ್ದೇಶಕರು ಮುಂದಿನ ಚಿತ್ರಕ್ಕೂ ಕರೆಯುತ್ತಾರೆ.

ಸಿನಿಮಾ ಗುಂಪಿನಲ್ಲಿ ನೋಡಿ ಚರ್ಚಿಸಲು ಬೆಂಗಳೂರಿನವರಿಗೆ ಸುಚಿತ್ರಾ ಫಿಲ್ಮ್ ಸೊಸೈಟಿ ಇದೆ, ವರ್ಷಕ್ಕೊಮ್ಮೆ ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವ ನಡೆಯುತ್ತದೆ. ಉತ್ಸವದಲ್ಲಿ ದಿನಕ್ಕೆ ಐದು ಸಿನಿಮಾ ನುಗ್ಗಿ ನೋಡುವ ಚಪಲ ಬೇಡ, ಎರಡು ನೋಡಿ, ನಡುವಿನ ಹೊತ್ತಿನಲ್ಲಿ ನೋಟ್‌ಬುಕ್ಕು ತೆರೆಯಿರಿ.